ಮೀನಿನ ಮುಳ್ಳಿನ ಮನೆ

ಇವತ್ತು ಆಷಾಢ ಶುಕ್ರವಾರ. ಇಡೀ ಮೈಸೂರು ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿರುವ ದಿನ. ಬೆಳಗ್ಗೆ ಆರು ಗಂಟೆಗೆ ಕಾಫಿ ಲೋಟ ಹಿಡಿದು ತಾರಸಿಗೆ ಹೋದರೆ, ನಮ್ಮ ರೇಡಿಯೋ ಆಂಟೆನಾ ಕೂಡ ಬೆಟ್ಟದ ಕಡೆ ತಿರುಗಿ ಭಕ್ತಿಯಿಂದ ನಿಂತಿತ್ತು.

ರಾತ್ರಿ ನಾನು ಮಲಗುವಾಗ ಅದು ಯುರೋಪಿನ ಕಡೆ ಇತ್ತು. ವಾಯವ್ಯಕ್ಕೆ, 320 ಡಿಗ್ರಿ. ದಡದಡ ಕೆಳಗಿಳಿದು ರೂಮಿನಲ್ಲಿದ್ದ ಕಂಟ್ರೋಲ್ ಬಾಕ್ಸ್ ನೋಡಿದೆ. ಅದರ ಮುಳ್ಳು ಈಗಲೂ 320ರ ಮೇಲೇ ಕೂತಿದೆ. ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟು ಊಟಕ್ಕೆ ಕೂತ ಹುಡುಗನ ಹಾಗೆ, ಏನೂ ಆಗೇ ಇಲ್ಲ ಅನ್ನುವ ಮುಖ.

ಆಗಿದ್ದು ಇಷ್ಟು. ಆಂಟೆನಾ ತಿರುಗಿಸಲು ಕಂಬದ ಮೇಲೆ ಒಂದು ಮೋಟಾರು ಇದೆ. ರೊಟೇಟರ್ ಅಂತಾರೆ. ರೊಟೇಟರಿನ ತಲೆಯ ಮೇಲೆ ಒಂದು ಕ್ಲಾಂಪು. ಕ್ಲಾಂಪು ಹಿಡಿದಿರುವುದು ಒಂದು ಪೈಪನ್ನು. ಆ ಪೈಪಿನ ತುದಿಯಲ್ಲಿ ಆಂಟೆನಾ. ಆಷಾಢದ ಗಾಳಿ ರಾತ್ರಿಯಿಡೀ ಆಂಟೆನಾವನ್ನು ನೂಕಿದೆ. ಮೋಟಾರು ಪಾಪ ಅಲುಗಾಡಿಲ್ಲ. ಪೈಪೇ ಕ್ಲಾಂಪಿನೊಳಗೆ ಜಾರಿಕೊಂಡು ತಿರುಗಿದೆ. ಮೋಟಾರಿನ ಲೆಕ್ಕದಲ್ಲಿ ನಾವಿನ್ನೂ ಲಂಡನ್ ಕಡೆಗೇ ಇದ್ದೇವೆ.

"ದರ್ಶನ ಆಯ್ತಂತಾ ನಿಮ್ಮ ಆಂಟೆನಾಗೆ?" ಎಂದಳು ಹೆಂಡತಿ. ಅವಳಿಗೆ ಈ ವಾರ ಇಷ್ಟು ಖುಷಿ ಕೊಟ್ಟ ವಿಷಯ ಬೇರೊಂದಿಲ್ಲ.

ನಾನು ಹ್ಯಾಮ್. ಅಂದರೆ ಹವ್ಯಾಸಿ ರೇಡಿಯೋದವನು. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಲೈಸೆನ್ಸ್ ತಗೊಂಡು, ಸ್ವಂತ ಖರ್ಚಿನಲ್ಲಿ ಗೊತ್ತಿಲ್ಲದವರ ಹತ್ತಿರ ಮಾತಾಡುವ ಜಾತಿ. "ಮೊಬೈಲ್ ಇದೆಯಲ್ಲ ಸಾರ್, ಇದ್ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ಆಗ ನಾನು ಎದೆಯುಬ್ಬಿಸಿ 2004ರ ಸುನಾಮಿಯ ಕಥೆ ಹೇಳುತ್ತೇನೆ. ಆಗ ಪೋರ್ಟ್ ಬ್ಲೇರ್‌ಗೆ ಹ್ಯಾಮ್‌ಗಳ ಒಂದು ತಂಡ ಹೋಗಿತ್ತು. ಫೋನುಗಳೆಲ್ಲ ಸತ್ತ ಹೊತ್ತಿನಲ್ಲಿ ಅಂಡಮಾನಿನಿಂದ ಸುದ್ದಿ ಮುಟ್ಟಿಸಿದ್ದು ಅವರ ರೇಡಿಯೋ. ನಾನು ಮಾತ್ರ ಇವತ್ತಿನವರೆಗೆ ಮುಟ್ಟಿಸಿರುವ ದೊಡ್ಡ ಸುದ್ದಿ ಅಂದರೆ, ಮೈಸೂರಲ್ಲಿ ಮೋಡ ಇದೆ ಅಂತ ಬಲ್ಗೇರಿಯಾದ ಒಬ್ಬರಿಗೆ. ಅವರು ಅಲ್ಲಿ ಬಿಸಿಲಿದೆ ಅಂದರು. ಅಷ್ಟಕ್ಕೇ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಂಟೆನಾ ಯಾಗಿ ಜಾತಿಯದು. ಹಳೇ ಟಿವಿ ಆಂಟೆನಾ ನೆನಪಿದೆಯಲ್ಲ, ಒಂದು ಉದ್ದ ಬೆನ್ನುಮೂಳೆ, ಅದಕ್ಕೆ ಅಡ್ಡಡ್ಡ ಕಡ್ಡಿಗಳು? ಅದೇ. ಆದರೆ ಟಿವಿಯ ಅಲೆ ಗಿಡ್ಡ, ನಮ್ಮದು ಉದ್ದ. ನಾನು ಮಾತಾಡುವುದು 14 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಒಂದು ಅಲೆಯ ಉದ್ದ ಸುಮಾರು 21 ಮೀಟರು. ಕಡ್ಡಿ ಅದರ ಅರ್ಧ ಇರಬೇಕು. ಅಂದರೆ ಒಂದೊಂದು ಕಡ್ಡಿಯೂ ಹತ್ತು ಮೀಟರು, ಆಚೀಚೆ ಸ್ವಲ್ಪ. ಅಂಥವು ಮೂರು. ನಡುವಿನದಕ್ಕೆ ರೇಡಿಯೋದ ವೈರು. ಹಿಂದಿನದು ಸ್ವಲ್ಪ ಉದ್ದ, ಕನ್ನಡಿಯ ಹಾಗೆ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನದು ಸ್ವಲ್ಪ ಗಿಡ್ಡ, ಬಾ ಬಾ ಅಂತ ಎಳೆದುಕೊಳ್ಳುತ್ತದೆ. ಬೇರೆ ದಿಕ್ಕುಗಳಿಗೆ ಹಂಚಿ ಹೋಗುತ್ತಿದ್ದ ಶಕ್ತಿಯೆಲ್ಲ ಒಂದೇ ಕಡೆ ಹೋಗುವುದರಿಂದ ನನ್ನ ನೂರು ವಾಟು ಆ ಕಡೆಯವರಿಗೆ ಮುನ್ನೂರು ನಾನೂರರ ಹಾಗೆ ಕೇಳುತ್ತದೆ. ಆದರೆ ಆ ಕಡೆಯವರಿಗೆ ಮಾತ್ರ. ಇವತ್ತು ಬೆಳಗ್ಗೆಯಿಂದ ಆ ನಾನೂರು ವಾಟಿನ ಮರ್ಯಾದೆ ಪೂರಾ ಚಾಮುಂಡಿಗೆ ಅರ್ಪಣೆ.

ಎರಡಂತಸ್ತಿನ ಮನೆ, ಮೇಲೆ ಇಪ್ಪತ್ತಡಿ ಕಂಬ, ಅದರ ತುದಿಗೆ ಇದು. ಕೆಳಗಿನಿಂದ ನೋಡಿದರೆ ಥೇಟ್ ಮೀನಿನ ಮುಳ್ಳು. ತರಕಾರಿ ಗಾಡಿಯವನಿಂದ ಹಿಡಿದು ಪಾರ್ಸೆಲ್ ತರುವ ಹುಡುಗರವರೆಗೆ ಎಲ್ಲರಿಗೂ ನಮ್ಮದು ಮೀನಿನ ಮುಳ್ಳಿನ ಮನೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ನಮ್ಮಮ್ಮ ಈ ಅಡ್ರೆಸ್ಸನ್ನು ಮೊದಲ ಸಲ ಕೇಳಿದ ದಿನ ರಾತ್ರಿ ಊಟ ಮಾಡಲಿಲ್ಲ.

ಇದನ್ನು ಕಟ್ಟಲು ನನಗೆ ಒಂಬತ್ತು ತಿಂಗಳು ಬೇಕಾಯಿತು. ವಿನ್ಯಾಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಕಂಪ್ಯೂಟರಿನಲ್ಲಿ ಎರಡು ಭಾನುವಾರ. ಮಿಕ್ಕಿದ್ದೆಲ್ಲ ಪೈಪು. ಹತ್ತು ಮೀಟರಿನ ಒಂದೇ ಪೈಪು ಎಲ್ಲೂ ಸಿಗುವುದಿಲ್ಲ. ಸಿಕ್ಕರೂ ಬಾಳೆಯೆಲೆಯ ಹಾಗೆ ಬಾಗುತ್ತದೆ. ಅದಕ್ಕೇ ನಡುವೆ ದಪ್ಪ ಪೈಪು, ಅದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು ತೂರಿಸಬೇಕು. ಅಮೆರಿಕದ ಪುಸ್ತಕಗಳಲ್ಲಿ ಇದು ನೀರು ಕುಡಿದಷ್ಟು ಸುಲಭ. ಅವರ ಪೈಪಿನ ಗೋಡೆ 0.058 ಇಂಚು ದಪ್ಪ. ಒಂದಿಂಚಿನ ಪೈಪಿನೊಳಗೆ ಮುಕ್ಕಾಲು ಚಿಲ್ಲರೆ ಇಂಚಿನದು ರೇಷ್ಮೆಯ ಹಾಗೆ ಜಾರುತ್ತದೆ. ನಮ್ಮಲ್ಲಿ ಸಿಗುವುದು 16 ಗೇಜು, ಅಂದರೆ 1.6 ಮಿಲಿಮೀಟರು. ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಆ ಕೂದಲೆಳೆ ಪೈಪಿನ ಎರಡೂ ಕಡೆ ಇರುತ್ತದಲ್ಲ! ಒಳಗಿನ ಪೈಪು ಬಾಗಿಲಲ್ಲೇ ನಿಂತುಬಿಡುತ್ತದೆ, ಅತ್ತೆ ಮನೆಗೆ ಕಾಲಿಡಲು ಒಲ್ಲದ ಅಳಿಯನ ಹಾಗೆ.

ಅಂಗಡಿಯವನಿಗೆ ಇದು ಸಮಸ್ಯೆಯೇ ಅಲ್ಲ. "ಸುತ್ತಿಗೇಲಿ ಹೊಡೀರಿ ಸಾರ್, ಹೋಗುತ್ತೆ" ಎಂದ. ಆಮೇಲೆ ನನ್ನ ಕೈಲಿದ್ದ ವರ್ನಿಯರ್ ಕ್ಯಾಲಿಪರನ್ನು ನೋಡಿ, "ಏನ್ಸಾರ್, ಕರ್ಟನ್ ರಾಡಿಗೆ ಇಷ್ಟೊಂದಾ?" ಅಂತ ಕೇಳಿದ. ಅಲ್ಲ, ಆಂಟೆನಾ ಅಂದೆ. ಅಲ್ಯೂಮಿನಿಯಮ್ಮನ್ನು ತೂಕಕ್ಕೆ ಹಾಕುತ್ತಾ, "ಈಗೆಲ್ಲಾ ಡಿಶ್ ಬಂದಿದೆಯಲ್ಲ ಸಾರ್" ಅಂತ ಕನಿಕರದಿಂದ ಹೇಳಿದ. ಹನ್ನೆರಡಡಿಯ ಎಂಟು ಪೈಪುಗಳನ್ನು ಆಟೋದಲ್ಲಿ ತಂದ ಕಥೆ ಬೇಡ. ಹಿಂದೆ ಕೆಂಪು ಬಟ್ಟೆ ಕಟ್ಟಿದ್ದೆವು, ಮುಂದೆ ಕಟ್ಟಲು ಮರೆತಿದ್ದೆವು ಅಂತ ಮಾತ್ರ ಹೇಳುತ್ತೇನೆ.

ಕಟ್ಟಿದ ಮೇಲೆ ಟ್ಯೂನ್ ಮಾಡಬೇಕು. ನೆಲದ ಹತ್ತಿರ ಅಡ್ಡ ಮಲಗಿಸಿ ಅಳೆದರೆ ತಾರಸಿಯ ಒಳಗಿನ ಕಬ್ಬಿಣವೆಲ್ಲ ಲೆಕ್ಕ ಕೆಡಿಸುತ್ತದೆ. ಹಾಗಾಗಿ ಆಂಟೆನಾದ ಮೂತಿಯನ್ನು ಆಕಾಶಕ್ಕೆ ಮಾಡಿ ನಿಲ್ಲಿಸುವುದು ವಾಡಿಕೆ. ನಾನೂ ನಿಲ್ಲಿಸಿದೆ. ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಅಂತ ಹೇಳುವ ಮೀಟರಿನಲ್ಲಿ 1.3 ಬಂತು. ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಚಿನ್ನದಂಥ ಅಂಕಿ. ಮಾರನೇ ದಿನ ನೋಡಿದರೆ 2.8. ಇಡೀ ರಾತ್ರಿ ಕೇಬಲ್ ಬಿಚ್ಚಿದೆ, ಬೆಸುಗೆ ಮತ್ತೆ ಹಾಕಿದೆ, ಕಂಪ್ಯೂಟರನ್ನೂ ನನ್ನನ್ನೂ ಬೈದುಕೊಂಡೆ. ಬೆಳಕು ಹರಿದಾಗ ಕಂಡಿತು. ಸೊಂಟದೆತ್ತರದಲ್ಲಿದ್ದ ಹಿಂದಿನ ಕಡ್ಡಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒದ್ದೆ ಬೆಡ್‌ಶೀಟುಗಳು. ಕ್ಲಿಪ್ ಹಾಕಿ, ಗಾಳಿಗೆ ಹಾರದ ಹಾಗೆ ಭದ್ರವಾಗಿ. ಒಂದರ ಭಾರ ನಡುವಿನ ಕಡ್ಡಿಯ ವೈರಿನ ಮೇಲೂ ಬಿದ್ದಿತ್ತು. ಹತ್ತು ಮೀಟರಿನ ನೇರ, ತುಕ್ಕು ಹಿಡಿಯದ, ನುಣುಪಾದ ಕಂಬಿಯನ್ನು ತಾರಸಿಯಲ್ಲಿ ನಿಲ್ಲಿಸಿ, ಬಟ್ಟೆ ಹಾಕಬೇಡಿ ಅನ್ನುವುದು ಯಾವ ನ್ಯಾಯ ಅಂತ ಮನೆಯಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಇವೆಲ್ಲ ಸಣ್ಣ ಪುಟ್ಟವು. ನನ್ನ ನಿಜವಾದ ಪರೀಕ್ಷೆ ಪಕ್ಕದ ಮನೆಯ ಮೇಷ್ಟ್ರು.

ಅವರು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಒಳ್ಳೆಯವರು. ಆಂಟೆನಾ ಜಪಾನಿನ ಕಡೆ ತಿರುಗಿದಾಗ ಅದರ ಒಂದು ತುದಿ ಅವರ ತಾರಸಿಯ ಮೇಲೆ ಬಂದು ನಿಲ್ಲುತ್ತದೆ. ಆ ತುದಿಯ ಮೇಲೆ ಕಾಗೆ ಕೂರುತ್ತದೆ. ಕೂತ ಕಾಗೆ ಮಾಡುವ ಕೆಲಸವನ್ನು ಅವರ ಒಗೆದ ಪಂಚೆಯ ಮೇಲೆ ಮಾಡುತ್ತದೆ. ಇಷ್ಟಾದರೂ ಒಂದು ದಿನ ಜಗಳಕ್ಕೆ ಬಂದವರಲ್ಲ. ಅವರದು ಒಂದೇ ಒಂದು ಅಭ್ಯಾಸ. ರೊಟೇಟರ್ ಗುರ್ರ್ ಅಂದರೆ ಸಾಕು, ಮಂಕಿ ಕ್ಯಾಪು ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ತಮ್ಮ ತಾರಸಿಗೆ ಬರುತ್ತಾರೆ. ತಲೆಯೆತ್ತಿ ಆಂಟೆನಾ ನಿಲ್ಲುವವರೆಗೆ ನೋಡುತ್ತಾರೆ. ನಿಂತ ಮೇಲೆ ನನ್ನ ರೂಮಿನ ಕಿಟಕಿಗೆ ಕೇಳುವ ಹಾಗೆ ಒಂದೇ ಮಾತು.

"ಬಂತಾ?"

ಮೊದಮೊದಲು ನಾನು ಬಂತು ಅನ್ನುತ್ತಿದ್ದೆ. "ಯಾವ ಚಾನೆಲ್ಲು?" ಅನ್ನುತ್ತಿದ್ದರು. ಬರಲಿಲ್ಲ ಅಂದು ನೋಡಿದೆ. "ಸ್ವಲ್ಪ ಎಡಕ್ಕೆ ತಿರುಗಿಸಿ, ಬರುತ್ತೆ" ಅಂದರು. ಸುಮ್ನೆ ಇದ್ದು ನೋಡಿದೆ. ಕೇಳಿಸಲಿಲ್ಲವೇನೋ ಅಂತ ಮೆಟ್ಟಿಲಿಳಿದು, ಚಪ್ಪಲಿ ಹಾಕಿಕೊಂಡು, ನಮ್ಮ ಗೇಟು ತೆಗೆದು, ಬೆಲ್ ಮಾಡಿ ಕೇಳಿದರು. ಆಗ ನಾನು ಹೆಡ್‌ಫೋನ್ ಹಾಕಿಕೊಂಡು ಹವಾಯಿಯವನೊಬ್ಬನ ಇರುವೆ ದನಿಯನ್ನು ಹಿಡಿಯಲು ಉಸಿರು ಬಿಗಿಹಿಡಿದು ಕೂತಿದ್ದೆ. ಬಾಗಿಲು ತೆಗೆದು ಬರುವಷ್ಟರಲ್ಲಿ ಹವಾಯಿ ಹೋಗಿತ್ತು.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಅವರನ್ನು ಕೂರಿಸಿಕೊಂಡೆ. ಇದು ಟಿವಿಯದಲ್ಲ ಮೇಷ್ಟ್ರೇ ಅಂತ ಶುರು ಮಾಡಿ ಮುಕ್ಕಾಲು ಗಂಟೆ ವಿವರಿಸಿದೆ. ಇದನ್ನು ಕಂಡುಹಿಡಿದದ್ದು 1926ರಲ್ಲಿ, ಜಪಾನಿನ ಸೆಂಡೈಯಲ್ಲಿ. ಹೆಚ್ಚಿನ ಕೆಲಸ ಮಾಡಿದವರು ಶಿಂಟಾರೋ ಉಡಾ. ಆದರೆ ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಹೇಳಿದ್ದು ಅವರ ಪ್ರೊಫೆಸರ್ ಹಿಡೆತ್ಸುಗು ಯಾಗಿ. ಅದಕ್ಕೇ ಲೋಕಕ್ಕೆಲ್ಲ ಯಾಗಿ ಅಂತಲೇ ಗೊತ್ತು. ಉಡಾ ಆಮೇಲೆ ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೂ ಬಂದು 1950ರ ದಶಕದಲ್ಲಿ ಕೆಲವು ವರ್ಷ ಇದ್ದರು.

ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಾ ಕೇಳಿದರು. ಕೊನೆಗೆ, "ಉಡ ಅಲ್ವಾ, ಪಟ್ಟು ಹಿಡಿದು ಕೆಲಸ ಮಾಡ್ತು. ಹೆಸರು ಮಾತ್ರ ಹೆಡ್‌ಮಾಸ್ಟರ್ ಹೊಡ್ಕೊಂಡ್ರು" ಅಂದರು. ಇದಕ್ಕಿಂತ ಚೆನ್ನಾಗಿ ಆ ಚರಿತ್ರೆಯನ್ನು ಯಾರೂ ಹೇಳಿಲ್ಲ. ಖುಷಿಯಾಯಿತು. ಕಾಫಿ ಮುಗಿಸಿ ಎದ್ದು ಬಾಗಿಲ ಹತ್ತಿರ ಹೋದವರು ತಿರುಗಿ ನಿಂತು, "ಅಂತೂ ಇದಕ್ಕೆ ಕೇಬಲ್ ಬಿಲ್ ಇಲ್ಲ ಅನ್ನಿ" ಅಂದರು.

ಅಮೆರಿಕದ ವಿಷಯ ಬಂದಾಗ ಮಾತ್ರ ಅವರು ನನ್ನನ್ನು ಕ್ಷಮಿಸಲಿಲ್ಲ. ಅವರ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಒಂದು ಬೆಳಗ್ಗೆ ಆಂಟೆನಾ ಉತ್ತರಕ್ಕಿತ್ತು, ಒಂಚೂರು ಪೂರ್ವಕ್ಕೆ ವಾಲಿಕೊಂಡು. "ಬಂತಾ?" ಅಂದರು. ಬಂತು ಮೇಷ್ಟ್ರೇ, ನಿಮ್ಮ ಮಗನ ಊರಿನ ಹತ್ತಿರದವರೇ ಅಂದೆ. ಮೇಷ್ಟ್ರ ಮುಖ ಗಂಭೀರವಾಯಿತು. "ಅಮೆರಿಕ ಪಶ್ಚಿಮಕ್ಕಿದೆ ಕಣಪ್ಪ" ಎಂದರು. ಮೂವತ್ತೈದು ವರ್ಷ ಮಕ್ಕಳಿಗೆ ಬೆರಳಿಟ್ಟು ತೋರಿಸಿದ ಜಾಗ ಅದು. ನಾನು ಭೂಮಿ ಗುಂಡಗಿದೆ ಅಂದೆ. ಅದನ್ನು ನನಗೆ ಹೇಳಿಕೊಡ್ತೀಯಾ ಅನ್ನುವ ಹಾಗೆ ನೋಡಿದರು.

ಸಂಜೆ ಅವರೇ ಗ್ಲೋಬು ಎತ್ತಿಕೊಂಡು ಬಂದರು. ಸ್ಕೂಲಿನವರು ಬೀಳ್ಕೊಡುಗೆಯಲ್ಲಿ ಕೊಟ್ಟ ಗ್ಲೋಬು. ನಾನು ದಾರ ತಂದೆ. ಮೈಸೂರಿನ ಮೇಲೆ ಅವರು ಹೆಬ್ಬೆರಳಿಟ್ಟರು, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ನಾನು. ದಾರ ಬಿಗಿಯಾಗಿ ಎಳೆದೆವು. ಅದು ಉತ್ತರಕ್ಕೇ ಏರಿ, ಆರ್ಕ್ಟಿಕ್ ಮೇಲೆ ಹಾದುಹೋಯಿತು. ಮೇಷ್ಟ್ರು ದಾರ ಬಿಟ್ಟರು. ಮತ್ತೆ ಎಳೆದೆವು. ಮತ್ತೆ ಅಲ್ಲೇ. ದಾರ ಬದಲಾಯಿಸಿದೆವು. ಆಮೇಲೆ ನನಗೆ ಹೊಳೆಯಿತು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ದಾರಿಯಲ್ಲೇ ವಿಮಾನ ತಂದರಲ್ಲ ಮೇಷ್ಟ್ರೇ, ಪೇಪರಿನಲ್ಲಿ ಬಂದಿತ್ತಲ್ಲ! ಅವರು ಬಹಳ ಹೊತ್ತು ಗ್ಲೋಬನ್ನೇ ನೋಡುತ್ತಿದ್ದರು. "ನಮ್ಮ ಹುಡುಗ ದುಬೈ ಮೇಲೆ ಹೋಗ್ತಾನೆ. ಎರಡು ವಿಮಾನ ಬದಲಾಯಿಸಿ" ಎಂದರು, ತಪ್ಪು ಮಗನದೇ ಅನ್ನುವ ಹಾಗೆ. ಆ ದಿನದಿಂದ ಉತ್ತರಕ್ಕೆ ತಿರುಗಿದಾಗ ಮಾತ್ರ ಪ್ರಶ್ನೆ ಸ್ವಲ್ಪ ಮೆತ್ತಗೆ ಬರುತ್ತದೆ. ಬಂತಾ.

ಇದರಲ್ಲಿ ನನಗೆ ಸಿಟ್ಟು ಬರುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಮೇಷ್ಟ್ರಿಗೆ ಹೇಳಿಲ್ಲ.

ನಮ್ಮೂರು ಮಲೆನಾಡು. ಸುತ್ತ ಗುಡ್ಡ. ಟಿವಿ ಬಂದ ಹೊಸದರಲ್ಲಿ ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿ ಮನೆಯ ಹಿಂಬದಿ ನಿಲ್ಲಿಸಿದ್ದೆವು. ಭಾನುವಾರ ಬೆಳಗ್ಗೆ ಸೀರಿಯಲ್ ಶುರುವಾಗುವ ಹೊತ್ತಿಗೆ ಸರಿಯಾಗಿ ಗಾಳಿ ಬರುತ್ತಿತ್ತು, ಕಾಗೆ ಕೂರುತ್ತಿತ್ತು, ಚಿತ್ರ ಹೋಗುತ್ತಿತ್ತು. ಜಗುಲಿ ತುಂಬ ಅಕ್ಕಪಕ್ಕದವರು. ಅಪ್ಪ ಪಂಚೆ ಎತ್ತಿ ಕಟ್ಟಿ ಹೆಂಚಿನ ಮೇಲೆ ಹತ್ತುತ್ತಿದ್ದರು. ಅಕ್ಕ ಟಿವಿಯ ಮುಂದೆ. ನಾನು ಅಂಗಳದಲ್ಲಿ, ಇಬ್ಬರ ನಡುವೆ. ಅಪ್ಪ ಕಂಬ ತಿರುಗಿಸಿ "ಬಂತಾ?" ಅನ್ನುವರು. ನಾನು ಒಳಗೆ ತಿರುಗಿ "ಬಂತಾ?" ಅನ್ನುವೆ. ಅಕ್ಕ "ಬಂತು!" ಅನ್ನುವಳು. ಅದು ನನ್ನ ಬಾಯಿಂದ ಹಾದು ಅಪ್ಪನಿಗೆ ಮುಟ್ಟುವಷ್ಟರಲ್ಲಿ ಅವರು ಇನ್ನೊಂದು ಗೇಣು ತಿರುಗಿಸಿ ಆಗಿರುತ್ತಿತ್ತು. ಅಷ್ಟರಲ್ಲಿ ಅಕ್ಕ "ಹೋಯ್ತು!" ಅವರು ಹಿಂದಕ್ಕೆ ತಿರುಗಿಸುವರು. ಅಕ್ಕ "ಬಂತು!" ನಾನು ಹಳೆಯ "ಹೋಯ್ತು" ಅನ್ನೇ ಕೂಗುತ್ತಿರುವೆ. ಹೀಗೆ ಅರ್ಧ ಸೀರಿಯಲ್ ಮುಗಿಯುತ್ತಿತ್ತು. ಯಾವಾಗಲೋ ಚಿತ್ರ ನಿಂತಾಗ ಜಗುಲಿಯಿಂದ ದೊಡ್ಡ ಸದ್ದು ಬರುತ್ತಿತ್ತು. ಅಪ್ಪ ಇಳಿಯುತ್ತಿರಲಿಲ್ಲ. ಕೈ ಬಿಟ್ಟರೆ ಮತ್ತೆ ಹೋಗುತ್ತೆ ಅಂತ ಅಲ್ಲೇ ಕಂಬ ಹಿಡಿದು ನಿಲ್ಲುತ್ತಿದ್ದರು, ಬಿಸಿಲಲ್ಲಿ. ಆ ಸೀರಿಯಲ್ಲಿನ ಒಂದು ಕಂತನ್ನಾದರೂ ಅವರು ಪೂರ್ತಿ ನೋಡಿದ್ದು ನನಗೆ ನೆನಪಿಲ್ಲ. ಕಥೆಯನ್ನು ಆಮೇಲೆ ಊಟಕ್ಕೆ ಕೂತಾಗ ನಮ್ಮಿಂದ ಕೇಳುತ್ತಿದ್ದರು.

ಈಗ ಪಕ್ಕದ ತಾರಸಿಯಿಂದ ಆ ಒಂದು ಪದ ಬಂದಾಗಲೆಲ್ಲ ಹೆಡ್‌ಫೋನ್ ಒಳಗಿನ ದೇಶ ಯಾವುದು ಅಂತಲೇ ಮರೆತುಹೋಗುತ್ತದೆ. ಸಿಟ್ಟು ಬಾರದೆ ಇರುತ್ತಾ?

ಇರಲಿ, ಇವತ್ತಿನ ವಿಷಯಕ್ಕೆ ಬರುತ್ತೇನೆ. ಕ್ಲಾಂಪಿಗೆ ಉಡದ ಪಟ್ಟು ಬರಬೇಕಾದರೆ ಯಾರಾದರೂ ಕಂಬ ಹತ್ತಿ ಬೋಲ್ಟ್ ಬಿಗಿಯಬೇಕು, ಪೈಪಿಗೆ ತೂತು ಕೊರೆದು ಅಡ್ಡ ಒಂದು ಪಿನ್ನು ಹಾಕಬೇಕು. ಈ ಗಾಳಿಯಲ್ಲಿ ನಾನು ಹತ್ತುವುದಿಲ್ಲ. ಹತ್ತಲು ಮನೆಯಲ್ಲಿ ಬಿಡುವುದೂ ಇಲ್ಲ. ಬೆಸುಗೆಯ ಹುಡುಗನಿಗೆ ಫೋನ್ ಮಾಡಿದೆ. "ಆಷಾಢ ಕಳೀಲಿ ಸಾರ್" ಅಂದ. ಇದು ಮದುವೆ ಅಲ್ಲಪ್ಪ, ನಾಲ್ಕು ಬೋಲ್ಟು ಅಂದೆ. "ಆದ್ರೂ ಸಾರ್" ಅಂದ.

ಅಲ್ಲಿಯವರೆಗೆ ಏನು ಮಾಡುವುದು? ಮೋಟಾರು ಕೆಲಸ ಮಾಡುತ್ತದೆ. ತಿರುಗಿಸಿದರೆ ಆಂಟೆನಾ ತಿರುಗುತ್ತದೆ. ಎಲ್ಲಿ ನಿಂತಿದೆ ಅಂತ ಬಾಕ್ಸು ಮಾತ್ರ ಸುಳ್ಳು ಹೇಳುತ್ತದೆ. ನನ್ನ ರೂಮಿನ ಕಿಟಕಿಯಿಂದ ಆಂಟೆನಾ ಕಾಣುವುದಿಲ್ಲ. ಪಕ್ಕದ ತಾರಸಿಯಿಂದ ಚೆನ್ನಾಗಿ ಕಾಣುತ್ತದೆ.

ಸಂಜೆ ಯುರೋಪಿನ ದನಿಗಳು ಕೇಳಲು ಶುರುವಾಗುವ ಹೊತ್ತಿಗೆ ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ. ಹೇಳಿ ಮುಗಿಸುವ ಮೊದಲೇ ಅವರು ಮಂಕಿ ಕ್ಯಾಪಿನಲ್ಲಿ ಹಾಜರು. ಗ್ಲೋಬು ಕಂಕುಳಲ್ಲಿ. ಮಗ ಕಳಿಸಿದ ಫೋನಿನ ದಿಕ್ಸೂಚಿ ಕೈಯಲ್ಲಿ. "320 ಅಂದ್ರೆ ನಮ್ಮ ನೀರಿನ ಟ್ಯಾಂಕಿನ ಎಡಮೂಲೆ" ಅಂತ ಗುರುತು ಮಾಡಿಕೊಂಡರು. ಗಾಳಿಗೆ ಅವರ ಮಾತು ನನಗೆ ನೇರ ಕೇಳುವುದಿಲ್ಲ. ಅದಕ್ಕೇ ಮಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆ, ಇಬ್ಬರ ನಡುವೆ. ಅವಳು ಮೊಬೈಲಿನಿಂದ ತಲೆಯೆತ್ತದೆ ಒಪ್ಪಿಕೊಂಡಳು.

ಬಟನ್ ಒತ್ತಿದೆ. ಮೇಲೆ ಗುರ್ರ್ ಅಂತು. ಬೆಟ್ಟಕ್ಕೆ ಬೆನ್ನು ಹಾಕಿ ಆಂಟೆನಾ ಹೊರಟಿರಬೇಕು. ಹೆಡ್‌ಫೋನಿನಲ್ಲಿ ಬರೀ ಸೊರಸೊರ.

"ಬಂತಾ?" ಅಂತ ನಾನು ಕೂಗಿದೆ.

"ತಾತಾ, ಬಂತಾ?" ಮಗಳು ಮೇಲಕ್ಕೆ ಕೂಗಿದಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಸೊರಸೊರದ ಅಡಿಯಿಂದ ಯಾರದೋ ದನಿ ಎದ್ದ ಹಾಗಾಯಿತು.

"ಬಂತಂತೆ ಅಪ್ಪಾ!"

ನಾನು ಬೆರಳು ತೆಗೆದೆ. ಅಷ್ಟರಲ್ಲಿ ದನಿ ಮುಳುಗಿತು. ಪಕ್ಕದ ತಾರಸಿಯಿಂದ ಗಾಳಿಯನ್ನೂ ಸೀಳಿಕೊಂಡು ನನಗೇ ನೇರವಾಗಿ ಕೇಳಿಸಿತು.

"ಹೋಯ್ತು! ಹಿಂದಕ್ಕೆ, ಹಿಂದಕ್ಕೆ!"